ಕೊಂಬಿನ ಮಾವನಿಗೆ ಸಿಗರೇಟು ಕೊಡುವ ಗುಂಡಿ ಕೋರಿ

ಇಂದ:
ಗುಮೆರ್ಸಿಂದೋ ಚೋಕೆ,
ಗಣಿ ಕಾರ್ಮಿಕ (ಸದ್ಯ ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೇನೆ),
ಪೊಟೊಸಿ, ಬೊಲಿವಿಯಾ.

ಗೆ:
ಮಾನ್ಯ ವ್ಯವಸ್ಥಾಪಕರು,
'ಪಾತಾಳ ಸಂಹಾರ' ವಿಡಿಯೋ ಗೇಮ್ ತಯಾರಕರು,
ಸಮುದ್ರದಾಚೆ.

ವಿಷಯ: ಸದರಿ ಆಟದಲ್ಲಿ ಸಿಗರೇಟು ಕೊಡುವ ಗುಂಡಿ ಒದಗಿಸುವ ಬಗ್ಗೆ.

ಉಲ್ಲೇಖ: ಕಳೆದ ಭಾನುವಾರ ಪರದೆಯ ಮೇಲೆ ತಾವು ತೋರಿಸಿದ "ಅಭಿನಂದನೆಗಳು! ರಾಕ್ಷಸ ಸತ್ತ!" ಎಂಬ ಸಂದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

೧. ನಮ್ಮಲ್ಲಿ ಗಣಿಯ ಮೇಲೆ ದೇವರು, ಒಳಗೆ ನಾವು ಮಾವ ಎಂದು ಕರೆಯುವ ಗಣಿಯೊಡೆಯ. ಕೊಂಬುಳ್ಳ ಮಾವ ಸುರಂಗದಲ್ಲಿ ಮಣ್ಣಿನ ಮೂರ್ತಿಯಾಗಿ ಕುಳಿತಿರುತ್ತಾನೆ. ಶುಕ್ರವಾರ ಬಂತೆಂದರೆ ಅವನ ಬಾಯಿಗೆ ಸಿಗರೇಟಿಟ್ಟು ಹೊತ್ತಿಸಿ, ನಾವು ಜಗಿಯುವ ಕೋಕಾ ಎಲೆ, ಸಾರಾಯಿ ಅರ್ಪಿಸುತ್ತೇವೆ. ಅವನು ಮುನಿದರೆ ಬಂಡೆ ಬೀಳುತ್ತದೆ.

೨. ನನ್ನ ಮಗಳು ರೋಸ್ಮೆರಿ ಗೇಮ್ ಅಂಗಡಿ ಇಟ್ಟಿದ್ದಾಳೆ. ಅಲ್ಲಿ ತಮ್ಮ ಆಟಕ್ಕೆ ಕುಳಿತೆ. ಸುರಂಗದ ತಳದಲ್ಲಿ ಸಾಕ್ಷಾತ್ ಮಾವ! ಪರದೇಶದವರಿಗೂ ಅವನ ಪರಿಚಯವಿದೆಯಲ್ಲ ಎಂದು ಬಹಳ ಸಂತೋಷವಾಯಿತು. ಟೋಪಿ ತೆಗೆದು ನಮಸ್ಕರಿಸಿದೆ. ಹೊಡೆದ. ಬರಿಗೈಯಲ್ಲಿ ಬಂದವನಿಗೆ ಇನ್ನೇನು ಮಾಡುತ್ತಾನೆ? ಆದ್ದರಿಂದ ಕಾಣಿಕೆ ಕೊಡುವ ಗುಂಡಿ ಹುಡುಕಿದೆ. ಕೆಂಪು ಬಾಟಲಿಯ ಚಿತ್ರ ಕಂಡಿತು. ಸಾರಾಯಿ ಎಂದು ತಿಳಿದು ಭಕ್ತಿಯಿಂದ ಒತ್ತಿದೆ.

೩. ಅದು ಬೆಂಕಿ ಬಾಂಬು. ಮಾವ ಧಗಧಗ ಉರಿದುಹೋದ. ತಾವು ವಾಲಗ ಊದಿಸಿದಿರಿ.

೪. ಸುದ್ದಿ ಅಂಗಡಿಯಿಂದ ಗಣಿಯವರೆಗೂ ಹಬ್ಬಿತು. ಈ ಕಾರಣ, ಸೋಮವಾರ ನಮ್ಮ ತಂಡದ ಮುಖ್ಯಸ್ಥ ದೋನ್ ಸೆನೋಬಿಯೋ ನನ್ನನ್ನು ಗಣಿಯ ಬಾಯಲ್ಲೇ ತಡೆದರು. "ಏನಪ್ಪಾ ಗುಮೆರ್ಸಿಂದೋ, ಮಾವನ್ನೇ ಸುಟ್ಟಾಕ್ಬಿಟ್ಯಂತೆ? ನಿನ್ ಜತೆ ಒಳಗ್ ಯಾರ್ ಬರ್ತಾರೆ? ಬಂಡೆ ಬಿದ್ರೆ ಆ ಗೇಮ್‌ನೋರು ಬಂದು ಎತ್ತಾರಾ?"

"ಸಾರಾಯಿ ಅಂದ್ಕೊಂಡೆ ಅಣ್ಣಾ."

"ಸಾರಾಯಿನ ಯಾರಾದ್ರೂ ಮುಖಕ್ಕೆ ಎಸೀತಾರೇನೋ!"

೫. ಸದರಿಯವರಿಗೆ ಸಮಾಧಾನ ಹೇಳಲು ರೋಸ್ಮೆರಿ, "ಆಟ ಮತ್ತೆ ಶುರು ಮಾಡಿದ್ರೆ ಎದ್ದು ನಿಲ್ತಾನೆ, ನೋಡ್ಬನ್ನಿ ದೊಡ್ಡಪ್ಪಾ" ಎಂದು ಕರೆತಂದಳು. ಮಾವ ಎದ್ದು ನಿಂತ. ನನ್ನನ್ನು ಕಂಡ ಕೂಡಲೇ ಮತ್ತೆ ಹೊಡೆದ. "ನೋಡ್ದಾ? ಇನ್ನೂ ಸಿಟ್ಟಲ್ಲೇ ಅವ್ನೆ" ಎಂದು ದೋನ್ ಸೆನೋಬಿಯೋ ಹೊರಟೇಹೋದರು.

೬. ಹೆಂಡತಿ ಕಸಿಮಿರಾ, "ಗಂಡಸ್ರು ಕುಡ್ದು ಕೆಲ್ಸ ಕಳ್ಕೊಳ್ಳೋದು ಕೇಳಿದ್ದೆ, ಕುಡ್ಸೋಕ್ ಹೋಗಿ ಕಳ್ಕೊಂಡೋನು ನೀನೊಬ್ನೇ" ಎನ್ನುತ್ತಾಳೆ. ಮಾನ್ಯರೇ, ನನಗೆ ನಗು ಬರುವುದಿಲ್ಲ. ಮಾವ ನನ್ನನ್ನು ಶತ್ರು ಎಂದುಕೊಂಡಿದ್ದಾನೆ ಎಂಬುದೇ ದುಃಖ.

ಆದ್ದರಿಂದ ತಾವು ದಯಮಾಡಿ ಸಿಗರೇಟಿನ ಗುಂಡಿ ಮಂಜೂರು ಮಾಡಬೇಕು. ಅದು ತಯಾರಾಗುವವರೆಗೆ ಲಗತ್ತಿಸಿದ ಸಾಮಾನುಗಳನ್ನು ತಮ್ಮ ಕಚೇರಿಯಲ್ಲಿರುವ ಮಾವನಿಗೆ ನನ್ನ ಹೆಸರಿನಲ್ಲಿ ಅರ್ಪಿಸಿ, ಅವನು ಒಪ್ಪಿದನೆಂದು ದೋನ್ ಸೆನೋಬಿಯೋ ಅವರಿಗೆ ನೇರವಾಗಿ ತಿಳಿಸಬೇಕಾಗಿ ವಿನಂತಿ. ನನ್ನ ಮಾತನ್ನು ಅವರು ನಂಬುವುದಿಲ್ಲ.

ತಮ್ಮ ವಿಶ್ವಾಸಿ, ಮಾವನ ವಿಶ್ವಾಸ ಕಳೆದುಕೊಂಡವನು,
ಗುಮೆರ್ಸಿಂದೋ ಚೋಕೆ

ಲಗತ್ತುಗಳು:
ಕೋಕಾ ಎಲೆ, ಒಂದು ಹಿಡಿ.
ಸಿಗರೇಟು, ಒಂದು. (ತಾವು ಸೇದಬಾರದು.)
ಸಾರಾಯಿ, ಒಂದು ಬಾಟಲಿ. ದಯವಿಟ್ಟು ಎಸೆಯಬಾರದು.