ಗಿರಾಕಿಯ ಅಂಗಿಯಲ್ಲಿ ಆಕಾಶಯಾನ

ಹೊಲಿದ ಅಂಗಿಯನ್ನು ಗಿರಾಕಿಗೆ ಕೊಡುವ ಮುನ್ನ ತಾನೊಂದು ಸಲ ತೊಟ್ಟು ಮೆರೆಯುವ ಚಾಳಿ ನಮ್ಮ ಟೈಲರನಿಗೆ ಮೊದಲಿನಿಂದಲೂ ಇತ್ತು. ಇಸ್ತ್ರಿ ಹಾಕಿ ಮಡಿಸಿಟ್ಟರೆ ಯಾರಪ್ಪನಿಗೂ ಗೊತ್ತಾಗದು ಎಂಬ ಧೈರ್ಯ. ಆ ಭಾನುವಾರ ಅವನ ಮೈಮೇಲಿದ್ದದ್ದು, ಬ್ಯಾಂಕಿನ ಮೇಡಂ ತಮ್ಮ ಗಂಡನ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ಹೊಲಿಸಿದ ಗಿಳಿಹಸಿರು ಅಂಗಿ. "ಒಂದು ನೂಲೂ ಹೆಚ್ಚುಕಮ್ಮಿ ಆಗ್ಬಾರ್ದು" ಎಂದು ಅವರು ತಾಕೀತು ಮಾಡಿದ್ದರು. ಬ್ಯಾಂಕಿನವರ ಬಟ್ಟೆಯೆಲ್ಲ ಇವನ ಅಂಗಡಿಗೆ ಬರುತ್ತಿದ್ದದ್ದು ಆ ಮೇಡಂ ದಯೆಯಿಂದ. ಅವರು ಮುನಿದರೆ ಹೊಲಿಗೆ ಯಂತ್ರಕ್ಕೆ ಧೂಳು ಹಿಡಿದಂತೆಯೇ.

ಅವನ ಇನ್ನೊಂದು ಹುಚ್ಚು ವಿಮಾನ. ಊರಾಚೆ ಯುದ್ಧಕಾಲದಲ್ಲಿ ಬಾಂಬರುಗಳಿಗೆಂದು ಹಾಕಿದ ರನ್‌ವೇ ಈಗ ಬಿರುಕುಬಿಟ್ಟು ಹುಲ್ಲು ಬೆಳೆಸಿಕೊಂಡಿತ್ತು. ರಜಾದಿನಗಳಲ್ಲಿ ಹಲ್ಲಿನ ಡಾಕ್ಟರು, ಕೋಳಿ ಅಂಗಡಿಯವನು ಮುಂತಾದವರು ಅಲ್ಲಿ ಪುಟ್ಟ ವಿಮಾನ ಹಾರಿಸುತ್ತಿದ್ದರು. ಟೈಲರ್ ಆರು ತಿಂಗಳಿಂದ ಅಲ್ಲಿ ಹಾರಾಟ ಕಲಿಸುವ ಕ್ಯಾಪ್ಟನ್ ಪಕ್ಕ ಕೂತು ಕಲಿಯುತ್ತಿದ್ದ. ಅವನ ಆತ್ಮವಿಶ್ವಾಸವಂತೂ ವಿಮಾನಕ್ಕಿಂತ ಮೇಲೆಯೇ ಹಾರುತ್ತಿತ್ತು.

ಅಂದು ಒಂದು ಸುತ್ತು ಮುಗಿದೊಡನೆ ಕ್ಯಾಪ್ಟನ್ ಬೆಲ್ಟು ಬಿಚ್ಚಿ ಕೆಳಗಿಳಿದರು. "ಇನ್ನು ನೀವೊಬ್ರೇ ಹೋಗ್ಬನ್ನಿ."

"ಒಬ್ನೇನಾ ಸಾರ್?"

"ಯಾಕ್ರೀ, ಜೊತೆಗೆ ನಿಮ್ಮತ್ತೇನ ಕರೆಸ್ಲಾ?"

ಟೈಲರ್ ಹಿಗ್ಗಿ ಮೇಲೇರಿದ. ಮರಗಳನ್ನು ದಾಟುವಾಗ ವಿಮಾನ ನಿಲ್ಲಿಸುವ ಶೆಡ್ಡಿನ ಗೋಡೆ ನೆನಪಾಯಿತು. ಮೊದಲ ಸಲ ಒಂಟಿಯಾಗಿ ಹಾರಿ ಇಳಿದವನ ಅಂಗಿಯ ಬೆನ್ನು ಕತ್ತರಿಸಿ ಆ ಗೋಡೆಗೆ ಜಡಿಯುವುದು ಯುದ್ಧಕಾಲದಿಂದ ಬಂದ ಪದ್ಧತಿ. ಹಲ್ಲಿನ ಡಾಕ್ಟರು ಈಗಾಗಲೇ ಕತ್ತರಿ ಹುಡುಕುತ್ತಿರಬೇಕು!

ಅವನು ಬೆಲ್ಟು ಬಿಚ್ಚಿ, ಎರಡೂ ಕೈ ಬಿಟ್ಟು ಅಂಗಿ ಕಳಚಿದ. ವಿಮಾನ ಕುಡುಕನಂತೆ ಓಲಾಡಿತು. ಅಂಗಿಯನ್ನು ನೀಟಾಗಿ ಮಡಿಸಿ ಸೀಟಿನಡಿ ತುರುಕಿ, ಬನಿಯನ್ನಿನಲ್ಲೇ ಇಳಿದ.

"ಅಂಗಿ ಎಲ್ರೀ?" ಕ್ಯಾಪ್ಟನ್ ಬೆರಗಾದರು.

"ಕಿಟಕಿ ತೆಗ್ದಿದ್ದೆ ಸಾರ್. ಗಾಳಿ ಎಳ್ಕೊಂಡೇ ಹೋಗ್ಬಿಡ್ತು!"

"ತೊಟ್ಟಿದ್ದ ಅಂಗೀನಾ?"

"ದೊಗಳೆ ಇತ್ತು ಸಾರ್."

ಡಾಕ್ಟರು ವಿಧಿಯಿಲ್ಲದೆ ಬನಿಯನ್ ಕತ್ತರಿಸಿ ಗೋಡೆಗೆ ಜಡಿದರು. ಕೋಳಿ ಅಂಗಡಿಯವನು ಮನಸ್ಸು ಕರಗಿ, ಅಂಗಿ ಹುಡುಕಲು ತನ್ನ ವಿಮಾನವನ್ನೇ ಏರಿದ. ಉಳಿದವರು ಹುಲ್ಲು ಜಾಲಾಡತೊಡಗಿದರು. ನಾಚಿಕೆಗೆಟ್ಟ ಟೈಲರ್ ಬರಿಮೈಯಲ್ಲಿ ತಾನೂ ಹುಡುಕಿದ.

ಅಷ್ಟರಲ್ಲಿ ಸ್ಕೂಟರಿನಲ್ಲಿ ಬ್ಯಾಂಕಿನ ಮೇಡಂ ಬಂದರು. "ಅಂಗಡಿಗೆ ಬೀಗ ಹಾಕಿ ಇಲ್ಲಿದೀರಾ? ಎಲ್ಲಿ ಅಂಗಿ?"

ಎಲ್ಲರೂ ದೂರದಲ್ಲಿದ್ದರು. ಟೈಲರ್ ಓಡಿ ಸೀಟಿನಡಿಯಿಂದ ಅಂಗಿ ತಂದುಕೊಟ್ಟ. "ಒಂದು ನೂಲೂ ಹೆಚ್ಚುಕಮ್ಮಿ ಆಗಿಲ್ಲ ಮೇಡಂ."

ಮೇಡಂ ಅದನ್ನು ಬಿಡಿಸಿ ಹಿಡಿದು ಬಯಲಿಡೀ ಕೇಳುವಂತೆ ಕೂಗಿದರು: "ರೀ, ಬನ್ನಿ ಇಲ್ಲಿ! ನಿಮ್ಮ ಹುಟ್ಟುಹಬ್ಬದ ಅಂಗಿ!"

ಓಡಿ ಬಂದವರು ಕ್ಯಾಪ್ಟನ್.

"ಇದು ಇವ್ರು ಬೆಳಿಗ್ಗೆ ಹಾಕ್ಕೊಂಡಿದ್ದ ಅಂಗಿ ಕಣೇ!"

ಮೇಡಂ ಮುಖ ಕೆಂಡವಾಯಿತು. "ಇನ್ನೊಬ್ರು ತೊಟ್ಟಿದ್ದು ನಂಗ್ಬೇಡ. ನೀವೇ ಇಟ್ಕೊಳ್ಳಿ. ಸಂಜೆಯೊಳ್ಗೆ ಹೊಸದು ಹೊಲಿದು ತನ್ನಿ."

"ಹಾಗಾದ್ರೆ ಈ ಅಂಗಿ ಟೈಲರದ್ದೇ ಆಯ್ತಲ್ಲ!" ಎಂದು ಹಿಂದೆಯೇ ಬಂದ ಡಾಕ್ಟರು ಖುಷಿಯಿಂದ ಅದರ ಬೆನ್ನಿಗೂ ಕತ್ತರಿ ಆಡಿಸಿದರು.

ಅಂಗಿ ಹೋದರೆ ಹೋಗಲಿ, ಒಂಟಿಯಾಗಿ ಹಾರಿದ್ದನ್ನು ಯಾರೂ ಕಿತ್ತುಕೊಳ್ಳಲಾರರಲ್ಲ ಎಂದು ಟೈಲರ್ ಆ ಚೂರು ಹಿಡಿದು ಗೋಡೆಯತ್ತ ನಡೆದ.

"ನಿಲ್ರೀ," ಎಂದರು ಕ್ಯಾಪ್ಟನ್. "ಗಾಳಿ ಎಳ್ಕೊಂಡು ಹೋದ ಅಂಗಿ ಮಡಿಕೆ ಸಮೇತ ಸಿಕ್ತು ಅಂದ್ರೆ, ಮೇಲೆ ಕೈಬಿಟ್ಟು ಬಟ್ಟೆ ಬಿಚ್ತಿದ್ರಿ ಅಂತಾಯ್ತು. ಇವತ್ತಿನ ಹಾರಾಟ ಲೆಕ್ಕಕ್ಕಿಲ್ಲ. ಇನ್ನಾರು ತಿಂಗಳು ನಾನು ಪಕ್ಕದಲ್ಲೇ ಕೂರ್ತೀನಿ."

ಡಾಕ್ಟರು ಗೋಡೆಯಿಂದ ಬನಿಯನ್ ಚೂರನ್ನೂ ಕಿತ್ತು ತಂದು ಅವನ ಕೈಗಿಟ್ಟರು.