ಸಾವಿರದ ಎಂಟುನೂರು ಸೈಟೇಶನ್‌ಗಳ ಒಡೆಯ

ನಾನು ಇಲಿಗಳ ನೆನಪಿನ ಶಕ್ತಿಯನ್ನು ಅಧ್ಯಯನ ಮಾಡುವ ವಿಜ್ಞಾನಿ. ಅತ್ತಾವರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಹದಿನಾಲ್ಕು ವರ್ಷಗಳಿಂದ ಇಲಿಗಳನ್ನು ನೀರಿನ ತೊಟ್ಟಿಗೆ ಬಿಟ್ಟು, ಅವು ಕಣ್ಣಿಗೆ ಕಾಣದಂತೆ ಮರೆಮಾಡಿದ ದಡದ ದಾರಿ ನೆನಪಿಟ್ಟುಕೊಳ್ಳುತ್ತವೆಯೋ ಇಲ್ಲವೋ ಎಂದು ಸ್ಟಾಪ್‌ವಾಚ್ ಹಿಡಿದು ನೋಡುತ್ತಿದ್ದೇನೆ. ಇಲಿಗಳೆಲ್ಲ ದಡ ಸೇರಿದವು. ನಾನು ಮಾತ್ರ ಅಸೋಸಿಯೇಟ್ ಪ್ರೊಫೆಸರ್ ಆಗಿಯೇ ಉಳಿದೆ!

ಈ ವರ್ಷ ಪ್ರೊಫೆಸರ್ ಹುದ್ದೆಗೆ ಅರ್ಜಿ ಕರೆದರು. ಸೈಟೇಶನ್ ಎಷ್ಟು ಎಂದು ಅದರಲ್ಲಿ ಕೇಳಿದ್ದರು. ಅಂದರೆ, ನಮ್ಮ ಲೇಖನಗಳನ್ನು ಬೇರೆ ಸಂಶೋಧಕರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಲೆಕ್ಕ. ಕಂಪ್ಯೂಟರ್ ಅದನ್ನು ತಾನೇ ಎಣಿಸಿ ನಮ್ಮ ಹೆಸರಿನ ಪುಟದಲ್ಲಿ ಹಾಕುತ್ತದೆ. ನನ್ನದು ಮೂವತ್ತೊಂದು.

“ನನ್ನ ಗುಡ್ ಮಾರ್ನಿಂಗ್ ಮೆಸೇಜಿಗೆ ಇದಕ್ಕಿಂತ ಜಾಸ್ತಿ ಹಾರ್ಟ್ ಬರ್ತದೆ,” ಎಂದಳು ಹೆಂಡತಿ ಲವೀನಾ. ಅವಳು ನರ್ಸ್. ಸೂಜಿ ಎಲ್ಲಿ ಚುಚ್ಚಬೇಕೆಂದು ಚೆನ್ನಾಗಿ ಗೊತ್ತು.

ಅದೇ ವಾರ ಆ ಪುಟ, “ಈ ಲೇಖನಗಳೂ ನಿಮ್ಮವೇ?” ಎಂದು ಬಹಳ ವಿನಯದಿಂದ ಕೇಳಿತು. ಕೆಳಗೆ ಉದ್ದನೆಯ ಪಟ್ಟಿ. ಎಲ್ಲದರಲ್ಲೂ ಲೇಖಕರು ಆರ್. ಡಿಸೋಜ. ನಾನೂ ಆರ್. ಡಿಸೋಜ! ನಮ್ಮ ವಿಭಾಗದಲ್ಲಿ ಯಾರು ಲೇಖನ ಬರೆದರೂ, ಮದುವೆ ಕಾಗದದಲ್ಲಿ ಬಂಧುಬಳಗವನ್ನು ಸೇರಿಸಿದ ಹಾಗೆ, ಎಲ್ಲರ ಹೆಸರನ್ನೂ ಸೇರಿಸುವ ಪದ್ಧತಿ ಇದೆ. ಅಂಥ ಹಳೆಯ ಲೇಖನಗಳೇ ಇರಬೇಕೆಂದು, ಒಂದನ್ನೂ ತೆರೆಯದೆ ‘ಎಲ್ಲವನ್ನೂ ಸೇರಿಸಿ’ ಎಂಬಲ್ಲಿ ಒತ್ತಿದೆ. ಮೂವತ್ತೊಂದು ಹೋಗಿ ಸಾವಿರದ ಎಂಟುನೂರ ನಲವತ್ತು ಆಯಿತು!

ಸಂಶಯ ಬರಲಿಲ್ಲವೇ ಎಂದು ನೀವು ಕೇಳಬಹುದು. ಬೈಗುಳವಾದರೆ ಪರೀಕ್ಷಿಸುತ್ತಿದ್ದೆ. ಹೊಗಳಿಕೆಯನ್ನು ಯಾರು ಪರೀಕ್ಷಿಸುತ್ತಾರೆ?

“ರೊನಿ, ಸಿಟಿ ಬಸ್ಸಲ್ಲಿ ‘ಡಿಸೋಜಾ’ ಅಂತ ಕರೆದ್ರೆ ಅರ್ಧ ಬಸ್ಸು ತಿರುಗಿ ನೋಡ್ತದೆ. ಒಮ್ಮೆ ಓದಿ ನೋಡು,” ಎಂದಳು ಲವೀನಾ.

“ಹಿತ್ತಲ ಗಿಡ ಮದ್ದಲ್ಲ,” ಎಂದು ನಿಟ್ಟುಸಿರು ಬಿಟ್ಟು, ಪಟ್ಟಿಯನ್ನು ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿದೆ. ಪಕ್ಕದ ಮನೆಯ ಜಯಂತಣ್ಣನಿಗೂ ಕಾಂಪೌಂಡಿನ ಮೇಲಿಂದ ವಿಷಯ ಮುಟ್ಟಿಸಿದೆ.

“ಸಾವಿರದ ಎಂಟುನೂರಾ! ಎಂತ ಮಾರಾಯ್ರೆ, ಮೊದಲೇ ಹೇಳುದಲ್ವಾ?” ಎಂದ ಅವರು, ಸಂಜೆಯೊಳಗೆ ನಾನು ಪ್ರೊಫೆಸರ್ ಆಗಿಯೇ ಬಿಟ್ಟೆನೆಂದು ಇಡೀ ಓಣಿಗೆ ಸಾರಿದರು. ಲಾಡು ಬಂತು. ನಾನು ತಿದ್ದುಪಡಿ ಮಾಡದೆ ಲಾಡು ತಿಂದೆ.

ಸಂದರ್ಶನದ ದಿನ ಹೊರಗಿನಿಂದ ಬಂದ ಪರಿಣತರೊಬ್ಬರು ನನ್ನ ಪಟ್ಟಿಯನ್ನು ಗೌರವದಿಂದ ಎತ್ತಿಕೊಂಡರು.

“ಇಲಿಗಳ ನೆನಪು. ಸರಿ. ಬಂಗುಡೆ ಒಣಗಿಸುವ ವಿಧಾನ, ಇದೂ ನಿಮ್ಮದೇ?”

“ಆಸಕ್ತಿ... ಸ್ವಲ್ಪ ವಿಶಾಲ ಸರ್.”

“ಕೃತಕ ಹಲ್ಲಿನ ಅಂಟು?”

“ಅದು... ಅದೂ ಇರಬಹುದು ಸರ್.”

“ಈ ಬಂಗುಡೆ ಲೇಖನ ನೀವು ಹುಟ್ಟುವ ಎಂಟು ವರ್ಷ ಮೊದಲು ಪ್ರಕಟವಾಗಿದೆ. ಬಾಲಪ್ರತಿಭೆ!”

ಡೀನ್ ಕೆಮ್ಮಿದರು. ನಾನು, ಕಂಪ್ಯೂಟರ್ ಮಾಡಿದ ತಪ್ಪು ಎಂದೆ. “ಒತ್ತಿದ ಬೆರಳು ಯಾರದ್ದು?” ಎಂದರು ಪರಿಣತರು. ಎಲ್ಲರೆದುರು ದೊಡ್ಡ ಪರದೆಯ ಮೇಲೆ ಅನ್ಯ ಡಿಸೋಜರನ್ನು ಒಬ್ಬೊಬ್ಬರಾಗಿ ಬೀಳ್ಕೊಟ್ಟೆ. ಮತ್ತೆ ಮೂವತ್ತೊಂದು.

“ಪರವಾಗಿಲ್ಲ. ಈ ಮೂವತ್ತೊಂದು ಯಾರು ಕೊಟ್ಟದ್ದು ನೋಡುವ,” ಎಂದರು ಅವರು. ಇಪ್ಪತ್ನಾಲ್ಕು ಸಲ ನನ್ನನ್ನು ಹೆಸರಿಸಿದವನು ನಾನೇ! ಆರು ಸಲ ನನ್ನ ಗೈಡ್. ಉಳಿದದ್ದು ಒಂದು. ಯಾವುದೋ ದೂರ ದೇಶದ, ಮುಖ ಕಾಣದ ಒಬ್ಬ ಸಂಶೋಧಕ. ನನ್ನ ಎದೆ ಉಬ್ಬಿತು. ಅವರು ಅದನ್ನು ತೆರೆದು ಗಟ್ಟಿಯಾಗಿ ಓದಿದರು: “ಡಿಸೋಜರ ಪ್ರಯೋಗದಲ್ಲಿ (ಪುಟ ಹನ್ನೊಂದು ನೋಡಿ) ಇಲಿಗಳಿಗೆ ದಡ ಕಣ್ಣೆದುರೇ ಕಾಣುತ್ತಿತ್ತು. ಆದ್ದರಿಂದ ಅಲ್ಲಿ ನೆನಪಿನ ಪ್ರಶ್ನೆಯೇ ಬರುವುದಿಲ್ಲ.”

ಪ್ರೊಫೆಸರ್ ಹುದ್ದೆ ಬೇರೆಯವರಿಗೆ ಹೋಯಿತು. ಮನೆಗೆ ಬಂದು ಲವೀನಾಳಿಗೆ ಎಲ್ಲ ಹೇಳಿದೆ. ನಿಜಕ್ಕೂ ನಾಚಿಕೆಯಾಗಿತ್ತು, ಅಳುವೂ ಬರುವಂತಿತ್ತು. ಅವಳು ನಗಲಿಲ್ಲ.

“ಹೋಗಲಿ ಬಿಡು. ಅಷ್ಟು ದೂರದಲ್ಲಿ ಒಬ್ಬನಾದರೂ ನಿನ್ನ ಲೇಖನ ಪೂರ್ತಿ ಓದಿದ್ದಾನಲ್ಲ?”

ಸಮಾಧಾನವಾಯಿತು. ಅವನು ಹೇಳಿದ ಹನ್ನೊಂದನೇ ಪುಟ ತೆಗೆದು ನೋಡಿದೆ. ಅವನು ಹೇಳಿದ್ದು ಸರಿ. ಆ ಪುಟವನ್ನು ನಾನೂ ಅವತ್ತೇ ಮೊದಲ ಸಲ ಓದಿದ್ದು!