ಕೋತಿಗುಡ್ಡದ ಸಿಂಗಾರ

ಕದಿರೇಶ ಮಾಡಿದ ತಪ್ಪು ಇಷ್ಟೇ: ಹೇಳಬೇಕಾಗಿದ್ದ ಮಾತಿನಲ್ಲಿ ಅರ್ಧವನ್ನು ಟೀ ಅಂಗಡಿಯಲ್ಲಿ ಹೇಳಿ, ಉಳಿದ ಅರ್ಧವನ್ನು ಟೀ ಜೊತೆ ನುಂಗಿಬಿಟ್ಟ.

"ನಾಳೆ ಬೆಂಗ್ಳೂರಿಂದ ಸೈಕಲ್ನೋರು ಬರ್ತಾವ್ರೆ. ನಮ್ಮ ಕೋತಿಗುಡ್ಡ ನೋಡ್ತಾರಂತೆ. ಇಷ್ಟ ಆದ್ರೆ ವರ್ಷಾ ವರ್ಷ ಇಲ್ಲೇ ರೇಸು," ಎಂದ. ಗುಡ್ಡದ ದಾರಿ ಎಷ್ಟು ಕೆಟ್ಟಿದ್ದರೆ ಅವರಿಗೆ ಅಷ್ಟು ಇಷ್ಟ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು? ಅವನಿಗೇ ನಂಬಿಕೆ ಬರಲು ಒಂದು ತಿಂಗಳು ಹಿಡಿದಿತ್ತು.

ಕದಿರೇಶ ಬಂಡಪಲ್ಲಿಯ ನೀರುಗಂಟಿ. ಪಂಚಾಯಿತಿಯ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವವನು. ನೀರು ಬಂದ ದಿನ ಅವನನ್ನು ಯಾರೂ ನೆನೆಯುತ್ತಿರಲಿಲ್ಲ. ಬಾರದ ದಿನ ಅವನ ಅಪ್ಪ, ತಾತನನ್ನೂ ಸೇರಿಸಿಕೊಂಡು ನೆನೆಯುತ್ತಿದ್ದರು. ಹೋದ ತಿಂಗಳು ಅವನು ಗುಡ್ಡದ ಮೇಲಿನ ಟ್ಯಾಂಕಿನ ಹತ್ತಿರ ಇದ್ದಾಗ, ಕೆರೆ ಏರಿಯ ಕಡೆಯಿಂದ ಒಬ್ಬ ಹೆಂಗಸು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿಬಂದಳು. ತಲೆಗೆ ಹೆಲ್ಮೆಟ್ಟು, ಮಂಡಿಗೆ ಪ್ಲಾಸ್ಟಿಕ್ ಚಿಪ್ಪು. ಹೆಸರು ಕಹಕಶಾ. ಹತ್ತಾರು ವರ್ಷ ಬೆಟ್ಟಗಳಲ್ಲಿ ಸೈಕಲ್ ತುಳಿದು ಪಳಗಿದ ಸವಾರರಿಗೆ ತಕ್ಕ ಜಾಗ ಹುಡುಕುವುದು ಅವಳ ಕೆಲಸವಂತೆ. ಮಾಲೂರಿನ ಆಚೆ ಒಂದು ಗುಡ್ಡ, ಗೌನಿಪಲ್ಲಿಯ ಹತ್ತಿರ ಒಂದು ಗುಡ್ಡ ನೋಡಿ ಬಂದಿದ್ದಳು. ಮೇಕೆಗಳೂ ಯೋಚಿಸಿ ಕಾಲಿಡುವ ಬಂಡೆಯ ಅಂಚಿನಲ್ಲಿ ನಿಂತು ಅವಳು ಕೆಳಗೆ ನೋಡಿದಳು.

"ಎಷ್ಟು ಚೆನ್ನಾಗಿದೆ! ಇಲ್ಲಿಂದ ಬಿದ್ರೆ ಬದುಕೋದು ಕಷ್ಟ ಅಲ್ವಾ?"

"ಹೋದ ವರ್ಷ ಮೇಕೆ ಬಿದ್ದು ಸತ್ತೋದ್ವು, ಮೇಡಂ."

"ವಾವ್," ಎಂದು ಅವಳು ಎದೆ ಮುಟ್ಟಿಕೊಂಡಳು. "ನಮ್ಮೋರನ್ನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೂ ಒಂದು ಕಲ್ಲೂ ಮುಟ್ಟಬೇಡಿ."

ಕದಿರೇಶನಿಗೆ ಸೈಕಲ್ಲೂ ಬೇಕಿರಲಿಲ್ಲ, ರೇಸೂ ಬೇಕಿರಲಿಲ್ಲ. ಬೇಕಿದ್ದದ್ದು ಟಾರು. ಗುಡ್ಡ ಆಯ್ಕೆಯಾದರೆ ಹೆದ್ದಾರಿಯಿಂದ ಊರಿಗೆ ಬರುವ ರಸ್ತೆಗೆ ಟಾರು ತಾನಾಗಿ ಬರುತ್ತದೆಂದು ರಸ್ತೆ ಇಲಾಖೆಯ ಎಂಜಿನಿಯರ್ ಸಾಹೇಬರು ಬಾಯಿಬಿಟ್ಟು ಹೇಳಿದ್ದರು. ಆ ರಸ್ತೆಯನ್ನು ಮೊದಲು ಹೆದ್ದಾರಿಯ ತಪಾಸಣೆ ತಪ್ಪಿಸಿಕೊಳ್ಳುವ ನಂಗಲಿ ಗಡಿಯ ಲಾರಿಗಳು ಅರೆದವು. ಆಮೇಲೆ ಪೈಪಿನವರು ಅಗೆದರು. ಅಗೆದದ್ದನ್ನು ಮುಚ್ಚಲು ಬಂದವರು ಇನ್ನೊಂದು ಪಕ್ಕ ಅಗೆದು ಹೋದರು. ಈಗ ಅದು ಉತ್ತು, ಬಿತ್ತಲು ಮರೆತ ಹೊಲದ ಹಾಗಿತ್ತು. ಕದಿರೇಶನ ತಾಯಿ ಭಾರತಮ್ಮನಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ಕೋಲಾರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಆಟೋ ಅಫ್ಸರ್ ಹೆದ್ದಾರಿಯ ಕ್ರಾಸಿನಿಂದ ಒಳಗೆ ಒಂದು ಗಾಲಿಯನ್ನೂ ಇಡುತ್ತಿರಲಿಲ್ಲ.

"ಭಾಯಿ, ನಿನ್ನಮ್ಮ ನನ್ನಮ್ಮ ಇದ್ದಂಗೆ," ಎನ್ನುತ್ತಿದ್ದ ಅಫ್ಸರ್. "ಆದ್ರೆ ಆಕ್ಸೆಲ್ಲು ಯಾರ ಅಮ್ಮನೂ ಅಲ್ಲ."

ಹಾಗಾಗಿ ಕದಿರೇಶ ತಾಯಿಯನ್ನು ಟಿವಿಎಸ್ ಮೊಪೆಡ್ಡಿನ ಹಿಂದೆ ಕೂರಿಸಿ, ಟವೆಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಕ್ರಾಸಿನವರೆಗೆ ತರುತ್ತಿದ್ದ. ಆಸ್ಪತ್ರೆ ತಲುಪುವ ಹೊತ್ತಿಗೆ ಭಾರತಮ್ಮ ಎಣ್ಣೆ ಗಾಣದಿಂದ ಹೊರಬಿದ್ದ ಹಿಂಡಿಯಂತಾಗಿರುತ್ತಿದ್ದಳು.

ಸವಾರರು ಬರುವ ದಿನವೇ ಅವಳ ಡಯಾಲಿಸಿಸ್ ದಿನವೂ ಆಗಿತ್ತು. ಬೆಳಿಗ್ಗೆ ಎದ್ದರೆ ಗುಡ್ಡದ ಕಡೆಯಿಂದ ಗರಗರ ಸದ್ದು. ಕದಿರೇಶ ಬಾಯಿ ಮುಕ್ಕಳಿಸುವುದನ್ನೂ ಬಿಟ್ಟು ಓಡಿದ.

ಗುಡ್ಡದ ಬುಡದಲ್ಲಿ ಜೆಸಿಬಿ ನಿಂತಿತ್ತು. ಅದರ ಪಕ್ಕದಲ್ಲಿ ಬಿಳಿ ಪಂಚೆಯ ಶ್ರೀನಿವಾಸಪ್ಪ. ಪಂಚಾಯಿತಿ ಅಧ್ಯಕ್ಷೆ ಅವನ ಹೆಂಡತಿ ಅನಸೂಯಮ್ಮ. ಸಹಿ ಆಕೆಯದು, ಗದರಿಕೆ ಈತನದು.

"ಅಣ್ಣಾ, ಏನ್ ಮಾಡಿಸ್ತಾ ಇದ್ದೀರ?"

"ಕಾಣಲ್ವೇನ್ಲಾ? ದಾರಿ ಮಟ್ಟ ಮಾಡಿಸ್ತಾ ಇದೀನಿ. ಬರೋರೆಲ್ಲಾ ದೊಡ್ಡೋರು. ಮುಗ್ಗರಿಸಿ ಬಿದ್ರೆ ಊರ ಮಾನ ಏನಾಗ್ಬೇಕು?"

"ಅವ್ರಿಗೆ ಬೀಳೋದೇ ಬೇಕಣ್ಣಾ! ಕಲ್ಲು, ಕೊರಕಲು ಇದ್ರೇನೇ ಅವ್ರಿಗೆ ಖುಷಿ!"

ಶ್ರೀನಿವಾಸಪ್ಪ ಹತ್ತಿರ ಬಂದು ಅವನ ಬಾಯಿ ಮೂಸಿದ. "ಬೆಳಿಗ್ಗೆ ಬೆಳಿಗ್ಗೇನೇ ಹಾಕಿದ್ದೀಯಾ?"

ಕದಿರೇಶ ಮೇಲಕ್ಕೆ ಓಡಿದ. ಬಂಡೆಯ ಅಂಚಾದರೂ ಉಳಿದಿರಬಹುದೆಂಬ ಆಸೆ. ಅಲ್ಲಿ ಕಲ್ಲುಕೆಲಸದ ಇಮಾಮ್ ಸಾಬ್ ಇಬ್ಬರು ಅಳಿಯಂದಿರನ್ನೂ ಒಂದು ಕಂಪ್ರೆಸರನ್ನೂ ಹಚ್ಚಿ ಬಂಡೆಗೆ ಮೆಟ್ಟಿಲು ಕಡಿಸುತ್ತಿದ್ದರು. ಗಡ್ಡದ ತುಂಬ ಕಲ್ಲಿನ ಧೂಳು, ಮುಖದ ತುಂಬ ಪುಣ್ಯ.

"ಚಾಚಾ, ನಿಲ್ಸಿ! ನಿಮ್ ಕಾಲಿಗೆ ಬೀಳ್ತೀನಿ."

"ಬ್ಯಾಡ ಬೇಟಾ, ಕೂಲಿ ಮಾತೇ ಎತ್ತಬ್ಯಾಡ. ಯಾರೋ ಹೆತ್ತ ಮಕ್ಳು, ಇಲ್ಲಿಂದ ಬಿದ್ರೆ ಅಲ್ಲಾ ನಮ್ಮನ್ನ ಮಾಫ್ ಮಾಡ್ತಾನಾ? ಈಗ ನೋಡು, ಸೈಕಲ್ ಕೈಯಾಗ್ ಹಿಡ್ಕೊಂಡು ಆರಾಮಾಗಿ ಇಳೀಬೋದು."

ಕೆಳಗಿನ ತಿರುವಿನಲ್ಲಿ ಅನಸೂಯಮ್ಮನ ಮಹಿಳಾ ಸಂಘ ಜಲ್ಲಿಯನ್ನೆಲ್ಲ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕುತ್ತಿತ್ತು. ಪಳಗಿದ ಸವಾರರ ಚಕ್ರ ಜಾರಿ ಪ್ರಾಣ ಬಾಯಿಗೆ ಬರಬೇಕಾಗಿದ್ದ ಜಾಗದಲ್ಲಿ ಎಂಟು ದಳದ ತಾವರೆ ಅರಳಿತ್ತು.

ಕದಿರೇಶನಿಗೆ ತಲೆ ಕೆಟ್ಟಿತು. ಪಕ್ಕದ ಪೊದೆಗೆ ಎಸೆದಿದ್ದ ಗುಂಡುಕಲ್ಲೊಂದನ್ನು ಕೂಸಿನಂತೆ ಅಪ್ಪಿಕೊಂಡು ತಂದು ತಾವರೆಯ ನಡುವೆ ಇಟ್ಟ. ಇನ್ನೊಂದು ತಂದ. ಮೂರನೆಯದಕ್ಕೆ ಬಗ್ಗುವಷ್ಟರಲ್ಲಿ ಅನಸೂಯಮ್ಮ ಪೊರಕೆ ಎತ್ತಿದ್ದಳು.

"ಅಯ್ಯೋ ಪಾಪಿ! ಮನೆಗೆ ಬರೋ ನೆಂಟ್ರಿಗೆ ಕಲ್ಲು ಹಾಸ್ತೀಯೇನೋ?"

"ಅಕ್ಕಾ, ಒಂದ್ ಮಾತು ಕೇಳ್ರಿ..."

"ಏನ್ ಕೇಳೋದು?" ಎನ್ನುತ್ತ ಶ್ರೀನಿವಾಸಪ್ಪ ಬಂದ. "ನಂಗೊತ್ತಾಯ್ತು. ಗೌನಿಪಲ್ಲಿ ಗುಡ್ಡ ಗೆಲ್ಲಲಿ ಅಂತ ಇವ್ನ ಲೆಕ್ಕ. ಇವ್ನ ಹೆಂಡ್ತಿ ಅನಿತ ಎಲ್ಲಿಯೋಳು? ಹೇಳ್ಲಾ, ಎಲ್ಲಿಯೋಳು?"

"ಗೌನಿಪಲ್ಲಿ," ಎಂದ ಕದಿರೇಶ, ನೆಲ ನೋಡುತ್ತ.

"ಕೇಳಿದ್ರಾ!"

ಊರು ಕೇಳಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಗುತ್ತದೆ? ಕಲ್ಲು ಎತ್ತದಂತೆ ಅವನ ಎರಡೂ ಕೈಗೆ ಹಾರಗಳ ಬುಟ್ಟಿ ಕೊಟ್ಟು, ಬೇವಿನ ಮರದ ಕೆಳಗೆ ನಿಲ್ಲಿಸಿದರು.

ಸವಾರರ ಜೀಪನ್ನು ಶ್ರೀನಿವಾಸಪ್ಪ, ಕೀಲಿ ತನ್ನ ಜೇಬಿನಲ್ಲೇ ಇದ್ದ ಗೇಟು ತೆಗೆದು, ಕೆರೆ ಏರಿಯ ಮೇಲಿಂದಲೇ ಕರೆತಂದ. ಊರ ರಸ್ತೆ ಕಂಡರೆ ಮರ್ಯಾದೆ ಹೋಗುತ್ತದೆಂಬ ಬುದ್ಧಿ ಅವನಿಗಿತ್ತು. ಇಳಿದವರಿಗೆ ಹೆಲ್ಮೆಟ್ಟಿನ ಮೇಲೇ ಹಾರ ಬಿತ್ತು, ಕೈಗೊಂದು ಬಾಳೆಹಣ್ಣು ಬಂತು. ಕಹಕಶಾ ಗುಡ್ಡ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಹೋದ ತಿಂಗಳು ಅಲ್ಲೊಂದು ಬಂಡೆ ಇತ್ತಲ್ಲಾ?"

"ಕಡ್ದುಬಿಟ್ಟೆ ಬೇಟಿ!" ಎಂದರು ಇಮಾಮ್ ಸಾಬ್, ಹೆಮ್ಮೆಯಿಂದ. "ಇನ್ನು ಭಯ ಇಲ್ಲ."

ಗಡ್ಡದ ಸವಾರನೊಬ್ಬ ಸೈಕಲ್ಲನ್ನು ಮೇಲಕ್ಕೆ ಒಯ್ದು ಜೆಸಿಬಿಯ ಹೊಸ ದಾರಿಯಲ್ಲಿ ಇಳಿದುಬಂದ. ಒಂದು ಸಲವೂ ಪೆಡಲ್ ತುಳಿಯಲಿಲ್ಲ. ಕೆಳಗೆ ಬರುವಷ್ಟರಲ್ಲಿ ಬಾಳೆಹಣ್ಣು ಸುಲಿದು ತಿಂದು ಮುಗಿಸಿದ್ದ. ಊರಿನವರು ಚಪ್ಪಾಳೆ ತಟ್ಟಿದರು.

"ತುಂಬಾ ಚೆನ್ನಾಗಿದೆ," ಎಂದಳು ಕಹಕಶಾ. "ನಮ್ಮ ಅತ್ತೆಯವರನ್ನ ವಾಕಿಂಗ್‌ಗೆ ಕರ್ಕೊಂಡು ಬರಬಹುದು." ಆಮೇಲೆ ಬೇವಿನ ಮರದ ಹತ್ತಿರ ಬಂದು, ಮೆಲ್ಲಗೆ, "ಏನ್ ಕದಿರೇಶ್, ಒಂದು ಕಲ್ಲೂ ಮುಟ್ಟಬೇಡಿ ಅಂದಿದ್ದೆನಲ್ಲಾ?" ಎಂದಳು.

"ನಮ್ಮೋರಿಗೆ ಪ್ರೀತಿ ಜಾಸ್ತಿ ಆಗೋಯ್ತು, ಮೇಡಂ."

"ಹೋಗ್ಲಿ ಬಿಡಿ. ಗೌನಿಪಲ್ಲಿನೇ ಗಟ್ಟಿ ಮಾಡ್ತೀನಿ."

ಜೀಪು ಕೆರೆ ಏರಿ ಹಿಡಿದು ಹೊರಟುಹೋಯಿತು. ಶ್ರೀನಿವಾಸಪ್ಪ ಕದಿರೇಶನತ್ತ ತಿರುಗಿ, "ಆಯ್ತೇನ್ಲಾ ನಿನ್ ಮಾವನ ಮನೆಯೋರಿಗೆ ಸಂತೋಷ?" ಎಂದ.

ಮನೆಯಲ್ಲಿ ಭಾರತಮ್ಮ ಸೀರೆ ಉಟ್ಟು, ಟವೆಲ್ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಮಧ್ಯಾಹ್ನದ ಪಾಳಿ ತಪ್ಪಿದರೆ ಮೆಷಿನ್ನು ಬೇರೆಯವರ ಪಾಲಾಗುತ್ತದೆ.

"ಏಮಿರಾ, ಬಂತಾ ಟಾರು?"

"ಇಲ್ಲಮ್ಮಾ."

"ಬರಲ್ಲ ಬಿಡು ನಾಯ್ನಾ. ಕಟ್ಟು ಟವೆಲ್ಲು."

ಹೊತ್ತಾಗಿತ್ತು. ಎದೆಯೊಳಗಿನ ಸಿಟ್ಟು ಕೈಗಿಳಿದಿತ್ತು. ಕದಿರೇಶ ಆಕ್ಸಿಲರೇಟರ್ ತಿರುಚಿದ. ಮೊಪೆಡ್ಡು ಪೈಪಿನ ಕಾಲುವೆಗೆ ಇಳಿದು, ಆಚೆ ದಡಕ್ಕೆ ನೆಗೆದು, ಬಿದ್ದಿದ್ದ ಸಿಮೆಂಟ್ ಪೈಪಿನ ಬೆನ್ನ ಮೇಲೆ ಒಂದು ಗಳಿಗೆ ನಿಂತು, ಓರೆಯಾಗಿದ್ದ ಮೋರಿ ಚಪ್ಪಡಿಯ ತುದಿಯಿಂದ ಗಾಳಿಗೆ ಹಾರಿತು. ಭಾರತಮ್ಮ ಆಕಾಶದಲ್ಲಿದ್ದಾಗ ವೆಂಕಟರಮಣನನ್ನೂ, ನೆಲಕ್ಕೆ ಬಂದಾಗ ಪಂಚಾಯಿತಿಯನ್ನೂ ನೆನೆದಳು.

ಕ್ರಾಸಿನಲ್ಲಿ ಅಫ್ಸರನ ಆಟೋ ನಿಂತಿತ್ತು. ಪಕ್ಕದಲ್ಲಿ ಸವಾರರು ಸೈಕಲ್ಲುಗಳನ್ನು ಒರಗಿಸಿಟ್ಟು ಎಳನೀರು ಕುಡಿಯುತ್ತಿದ್ದರು. ಜೀಪು ಡೀಸೆಲ್ ಹಾಕಿಸಲು ನಂಗಲಿ ಕಡೆ ಹೋಗಿತ್ತು. ಮೊಪೆಡ್ಡು ಬಂದು ನಿಂತಾಗ ಎಲ್ಲರ ಬಾಯಲ್ಲೂ ಸ್ಟ್ರಾ ಹಾಗೇ ಇತ್ತು, ಯಾರೂ ಹೀರುತ್ತಿರಲಿಲ್ಲ.

"ಕದಿರೇಶ್," ಎಂದಳು ಕಹಕಶಾ, ಗುಡಿಯೊಳಗೆ ಮಾತಾಡುವವಳ ದನಿಯಲ್ಲಿ, "ಇದು ಯಾವ ಜಾಗ?"

"ಜಾಗ ಅಲ್ಲ ಮೇಡಂ. ಊರ ರಸ್ತೆ."

"ಈ ಅಮ್ಮನ್ನ ಕಟ್ಕೊಂಡು ಇದ್ರಲ್ಲಿ ಬಂದ್ರಾ?"

"ವಾರಕ್ಕೆ ಎರಡ್ ಸಲ ಬರ್ತೀವಿ ಕಣಮ್ಮಾ," ಎಂದಳು ಭಾರತಮ್ಮ. ಗಡ್ಡದ ಸವಾರ ಹೆಲ್ಮೆಟ್ ತೆಗೆದು ಅವಳಿಗೆ ಕೈಮುಗಿದ.

ಮರುಕ್ಷಣ ಎಲ್ಲರೂ ಸೈಕಲ್ ಏರಿದ್ದರು. ಒಬ್ಬ ಪೈಪಿನ ಕಾಲುವೆಯಲ್ಲಿ ಮಾಯವಾದ. ಹ್ಯಾಂಡಲ್ ಮಾತ್ರ ಮೇಲೆ ಕಾಣುತ್ತಿತ್ತು. ಇನ್ನೊಬ್ಬ ಮೋರಿ ಚಪ್ಪಡಿಯಿಂದ ಹಾರಿ ಜಾಲಿ ಮುಳ್ಳಿನಲ್ಲಿ ಇಳಿದ. ಗಡ್ಡದವನು ನಡೆದುಕೊಂಡೇ ವಾಪಸು ಬಂದ. ಭುಜದ ಮೂಳೆ ಮುರಿದು ಕೈ ಜೋತುಬಿದ್ದಿತ್ತು. ಹಲ್ಲೆಲ್ಲ ಮಣ್ಣು, ಮುಖವೆಲ್ಲ ಬೆಳದಿಂಗಳು.

"ಅಕ್ಕಾ, ಲಡಾಖಿನಲ್ಲೂ ಇಂಥದ್ದು ಸಿಕ್ಕಿರ್ಲಿಲ್ಲ!"

ಕಹಕಶಾಳ ಕಣ್ಣು ಒದ್ದೆಯಾಯಿತು. "ಮುಗೀತು. ಗೌನಿಪಲ್ಲಿ ಬೇಡ. ಇದೇ ಆಯ್ಕೆ."

ಕದಿರೇಶ ತಾಯಿಯ ಎರಡೂ ಕೈ ಹಿಡಿದುಕೊಂಡ. "ಅಮ್ಮಾ! ಆಯ್ಕೆ ಆಯ್ತಂತೆ! ಟಾರು ಬರುತ್ತಮ್ಮಾ!"

"ಟಾರಾ?" ಎಂದು ಕಹಕಶಾ ಬೆಚ್ಚಿದಳು. "ದಯವಿಟ್ಟು ಹಾಗೆಲ್ಲಾ ಮಾಡಬೇಡಿ. ಈ ರಸ್ತೆ ಹೀಗೇ ಇರಬೇಕು. ಇದೇ ನಮ್ಮ ಟ್ರ್ಯಾಕು. ಮಳೆ ಬಂದ್ರೆ ಇನ್ನೂ ಕೆಡುತ್ತಾ?"

"ಕೆಡುತ್ತೆ ಮೇಡಂ."

"ಸೂಪರ್."

ಅಷ್ಟರಲ್ಲಿ ಸುದ್ದಿ ತಿಳಿದು ಶ್ರೀನಿವಾಸಪ್ಪ ಬುಲೆಟ್ಟಿನಲ್ಲಿ ಕೆರೆ ಏರಿಯ ಮೇಲಿಂದ ಸುತ್ತಿಕೊಂಡು ಬಂದಿಳಿದ. ಮೊದಲು ಗಾಯಾಳುವನ್ನು ನೋಡಿದ. "ಲೇ ಅಫ್ಸರ್, ಏನ್ ನೋಡ್ತಾ ನಿಂತಿದ್ದೀಯ? ಸಾರ್‌ನ ಮಲಗಿಸ್ಕೊಂಡು ಕೋಲಾರಕ್ಕೆ ನಡಿ!"

"ಅಣ್ಣಾ, ಅಮ್ಮನ್ನ ಆಸ್ಪತ್ರೆಗೆ..." ಎಂದ ಅಫ್ಸರ್.

"ಅಮ್ಮ ಇಲ್ಲಿಯೋರೇ ಅಲ್ವೇನ್ಲಾ? ಅತಿಥಿ ಮುಂಚೆ."

ಅಫ್ಸರ್ ಕದಿರೇಶನ ಮುಖ ನೋಡದೆ ಗಾಡಿ ಶುರು ಮಾಡಿದ. ಗಡ್ಡದ ಸವಾರ ಸೀಟಿನ ಉದ್ದಕ್ಕೂ ಮಲಗಿ, ಆಟೋದಿಂದ ಒಂದು ಕೈ ಹೊರಚಾಚಿ ಟಾಟಾ ಮಾಡುತ್ತ ಹೋದ.

ಶ್ರೀನಿವಾಸಪ್ಪ ಎಂಜಿನಿಯರಿಗೆ ಫೋನ್ ಹಚ್ಚಿದ. "ಸಾರ್, ನಮ್ಮೂರೇ ಆಯ್ಕೆ! ಊರ ರಸ್ತೆಗೆ ಬೇಡ ಸಾರ್, ಅದು ರೇಸಿಗೆ ಬೇಕಂತೆ. ಟಾರು ಕೋತಿಗುಡ್ಡಕ್ಕೆ ಹಾಕ್ಸಿ. ಸಾಹೇಬ್ರುಗಳೆಲ್ಲಾ ರೇಸ್ ನೋಡೋಕ್ ಬಂದ್ರೆ ಎಲ್ಲಿ ಕೂರ್ತಾರೆ? ಗುಡ್ಡದ್ ಮೇಲಿಂದ ಎಲ್ಲಾ ಕಾಣುತ್ತೆ. ಹೂಂ ಸಾರ್, ಮಟ್ಟ ಮಾಡ್ಸೇ ಇಟ್ಟಿದೀನಿ. ಕಾರು ತುದಿವರ್ಗೂ ಹೋಗುತ್ತೆ."

ಫೋನ್ ಇಟ್ಟು ಅವನು ಕದಿರೇಶನ ಬೆನ್ನು ತಟ್ಟಿದ. "ಏನೋ ಅಂದ್ಕೊಂಡಿದ್ದೆ ಕಣ್ಲಾ. ಗೆದ್ಬಿಟ್ಟೆ ನೀನು. ಇವತ್ತಿಂದ ಈ ರಸ್ತೆ ನಿನ್ ಉಸ್ತುವಾರಿ. ಯಾರೂ ಒಂದ್ ಹಿಡಿ ಮಣ್ಣು ಹಾಕದ ಹಂಗೆ ನೋಡ್ಕೊಬೇಕು."

ಕಹಕಶಾ ಕ್ರಾಸಿನ ತಿರುವಿನಲ್ಲಿ ಬಗ್ಗಿ ನೆಲ ಮುಟ್ಟುತ್ತಿದ್ದಳು. "ಇಲ್ಲೊಂದು ಒಳ್ಳೇ ಗುಂಡಿ ಇದ್ದಂಗಿದೆ. ಯಾರೋ ಇಟ್ಟಿಗೆ ಚೂರು, ಮಣ್ಣು ತುಂಬಿ ಹಾಳು ಮಾಡಿದ್ದಾರೆ."

ತುಂಬಿದವನು ಕದಿರೇಶನೇ. ಅಮ್ಮ ಆಟೋ ಹತ್ತುವ ಜಾಗ ಅದು.

ಶ್ರೀನಿವಾಸಪ್ಪ ಎಳನೀರಿನವನ ಹತ್ತಿರ ಗುದ್ದಲಿ ಇಸಿದುಕೊಂಡು ಬಂದು ಅವನ ಕೈಗಿತ್ತ. ಕದಿರೇಶನ ವಾಲ್ವು ತಿರುಗಿಸುವ ಕೆಲಸವೂ ಈ ಗಂಡ ಹೆಂಡಿರ ಕೈಯಲ್ಲೇ ಇತ್ತು. ಅವನು ಬಗ್ಗಿ ಅಗೆಯತೊಡಗಿದ.

ಭಾರತಮ್ಮ ಮೈಲಿಗಲ್ಲಿನ ಮೇಲೆ ಕುಳಿತು, ಊದಿದ ಕಾಲು ಮುಂದಕ್ಕೆ ಚಾಚಿಕೊಂಡು, ಬಿಸಿಲಿಗೆ ಸೆರಗು ಹೊದ್ದು ಮಗನ ಕೆಲಸವನ್ನೇ ನೋಡುತ್ತಿದ್ದಳು.

"ಇನ್ನೊಂಚೂರು ಆಳಕ್ಕೆ ತೋಡೋ ನಾಯ್ನಾ," ಎಂದಳು. "ಬಂದೋರು ಬೇಜಾರ್ ಮಾಡ್ಕೊಂಡಾರು."